ಮನೆಯಲ್ಲೇ ಪಿಸಿಬಿ ತಯಾರಿಸುವುದು ಹೇಗೆ? ಬಳಸಿದ ದ್ರಾವಣ ಸಿಂಕ್‌ಗೆ ಸುರಿಯಬೇಡಿ!

ಹೈದರಾಬಾದ್: ಟಿವಿ ರಿಮೋಟ್ ಇರಲಿ, ಮೊಬೈಲ್ ಚಾರ್ಜರ್ ಇರಲಿ, ಬಿಚ್ಚಿದರೆ ಒಳಗೆ ಕಾಣುವುದು ತಾಮ್ರದ ಗೆರೆಗಳಿರುವ ಒಂದು ಪುಟ್ಟ ಹಲಗೆ. ಅದೇ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡ್ ಅಥವಾ ಪಿಸಿಬಿ. ಒಂದೇ ಬದಿಯಲ್ಲಿ ತಾಮ್ರವಿರುವ ಸರಳ ಬೋರ್ಡ್ ಅನ್ನು ಮನೆಯಲ್ಲೇ ಒಂದು ಸಂಜೆಯಲ್ಲಿ ತಯಾರಿಸಬಹುದು.

ಬೇಕಾದ ಸಾಮಗ್ರಿ ಹೈದರಾಬಾದ್‌ನಲ್ಲಾದರೆ ಕೋಠಿಯ ಗುಜರಾತಿ ಗಲ್ಲಿಯಲ್ಲಿ, ಬೆಂಗಳೂರಿನಲ್ಲಾದರೆ ಎಸ್‌ಪಿ ರಸ್ತೆಯಲ್ಲಿ ಸಿಗುತ್ತದೆ. ಕಾಪರ್ ಕ್ಲಾಡ್ ಬೋರ್ಡ್, ಫೆರಿಕ್ ಕ್ಲೋರೈಡ್ ಮತ್ತು ಸಣ್ಣ ಡ್ರಿಲ್ ಕೇಳಿ ಪಡೆಯಿರಿ. ವಿನ್ಯಾಸಕ್ಕೆ ಉಚಿತ ತಂತ್ರಾಂಶ ಕೀಕ್ಯಾಡ್ ಸಾಕು.

ವಿನ್ಯಾಸವನ್ನು ನುಣುಪಾದ ಕಾಗದದ ಮೇಲೆ ಲೇಸರ್ ಪ್ರಿಂಟರ್‌ನಲ್ಲೇ ಮುದ್ರಿಸಬೇಕು. ಇಂಕ್‌ಜೆಟ್ ಪ್ರಿಂಟ್ ಇಲ್ಲಿ ಕೆಲಸಕ್ಕೆ ಬಾರದು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ: ಚಿತ್ರ ಎಡ-ಬಲ ಅದಲುಬದಲಾಗಿ, ಕೊನೆಗೆ ಐಸಿ ಕೂರುವುದೇ ಇಲ್ಲ. ತಾಮ್ರದ ಪದರದಲ್ಲಿ ಒಂದು ಇಂಗ್ಲಿಷ್ ಅಕ್ಷರ ಸೇರಿಸಿ ನೋಡಿ. ಕಾಗದದಲ್ಲಿ ಅದು ತಿರುಗುಮುರುಗಾಗಿ ಕಂಡರೆ ಬೋರ್ಡ್ ಮೇಲೆ ಸರಿಯಾಗಿ ಮೂಡುತ್ತದೆ.

ಬೋರ್ಡ್ ಅನ್ನು ಚೆನ್ನಾಗಿ ಉಜ್ಜಿ ತೊಳೆದು ಒಣಗಿಸಿ, ಕಾಗದವನ್ನು ಮಗುಚಿಟ್ಟು ಇಸ್ತ್ರಿ ಪೆಟ್ಟಿಗೆಯಿಂದ ಒತ್ತಿ. ಟೋನರ್ ತಾಮ್ರಕ್ಕೆ ಅಂಟಿಕೊಳ್ಳುತ್ತದೆ. ತಣಿದ ಮೇಲೆ ನೀರಿನಲ್ಲಿ ನೆನೆಸಿ ಕಾಗದ ಬಿಡಿಸಿ. ತುಂಡಾದ ಗೆರೆಗಳನ್ನು ಪರ್ಮನೆಂಟ್ ಮಾರ್ಕರ್‌ನಿಂದ ತಿದ್ದಬಹುದು.

ನಂತರ ಪ್ಲಾಸ್ಟಿಕ್ ತಟ್ಟೆಯಲ್ಲಿ ಫೆರಿಕ್ ಕ್ಲೋರೈಡ್ ದ್ರಾವಣ. ಪುಡಿಯನ್ನು ನೀರಿಗೆ ಸ್ವಲ್ಪ ಸ್ವಲ್ಪವೇ ಹಾಕಬೇಕು, ಪುಡಿಯ ಮೇಲೆ ನೀರು ಸುರಿಯಬಾರದು, ಬಿಸಿಯೇರಿ ಸಿಡಿಯಬಹುದು. ಕೈಗವಸು, ಕನ್ನಡಕ ಕಡ್ಡಾಯ. ಅಡುಗೆಮನೆ ಬೇಡ, ಗಾಳಿಯಾಡುವ ಬಾಲ್ಕನಿ ವಾಸಿ. ತಟ್ಟೆ ಅಲುಗಾಡಿಸುತ್ತಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಟೋನರ್ ಇಲ್ಲದ ಕಡೆಯ ತಾಮ್ರವೆಲ್ಲ ಕರಗುತ್ತದೆ. ಬೇಗ ಆಗಲೆಂದು ಒಲೆಯ ಮೇಲಿಡಬೇಡಿ, ತಟ್ಟೆಯನ್ನು ಬಿಸಿನೀರಿನಲ್ಲಿಟ್ಟರೆ ಸಾಕು. ತೊಳೆದು, ಟೋನರ್ ಒರೆಸಿ, 0.8ರಿಂದ 1 ಮಿ.ಮೀ. ರಂಧ್ರ ಕೊರೆದರೆ ಬೋರ್ಡ್ ಬೆಸುಗೆಗೆ ಸಿದ್ಧ.

ಬಹುತೇಕ ವಿಡಿಯೊಗಳು ಇಲ್ಲಿಗೇ ಮುಗಿಯುತ್ತವೆ. ಆದರೆ ಉಳಿದ ದ್ರಾವಣದ ಗತಿ? ಅದು ಸ್ಟೀಲ್ ಸಿಂಕ್ ಅನ್ನೇ ಕೊರೆಯುತ್ತದೆ. ಅದರಲ್ಲಿರುವ ತಾಮ್ರ ಚರಂಡಿಯ ಮೂಲಕ ಕೆರೆ ಸೇರಿದರೆ ಮೀನು, ಜಲಚರಗಳಿಗೆ ವಿಷ. ಒಮ್ಮೆ ಬಳಸಿದ ದ್ರಾವಣವನ್ನು ಹೆಸರು ಬರೆದ ಪ್ಲಾಸ್ಟಿಕ್ ಬಾಟಲಿಯಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು ಹಲವು ಬಾರಿ ಬಳಸಬಹುದು. ಪೂರ್ತಿ ಶಕ್ತಿಗುಂದಿದಾಗ ಅಗಲವಾದ ಬಕೆಟ್‌ನಲ್ಲಿ ವಾಷಿಂಗ್ ಸೋಡಾ ನಿಧಾನವಾಗಿ ಬೆರೆಸಿ. ನೊರೆ ನಿಂತ ಮೇಲೆ ತಳದಲ್ಲಿ ಕೂರುವ ಕೆಸರನ್ನು ಒಣಗಿಸಿ, ಸೀಲ್ ಮಾಡಿ, ಅಪಾಯಕಾರಿ ತ್ಯಾಜ್ಯವೆಂದು ಪ್ರತ್ಯೇಕವಾಗಿಯೇ ಕೊಡಬೇಕು.

ಎರಡು ಪದರದ, ಸೂಕ್ಷ್ಮ ಬಿಡಿಭಾಗಗಳ ಬೋರ್ಡ್‌ಗೆ ಮನೆಯಲ್ಲಿ ಹೆಣಗಾಡುವುದಕ್ಕಿಂತ ಕಾರ್ಖಾನೆಗೆ ಫೈಲ್ ಕಳುಹಿಸುವುದೇ ಮೇಲು. ಹೈದರಾಬಾದ್‌ನ ರಾಯದುರ್ಗದಲ್ಲಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಟಿ-ವರ್ಕ್ಸ್ ಕೇಂದ್ರ ಇಂತಹ ಮಾದರಿಗಳ ತಯಾರಿಕೆಗೆಂದೇ ಇದೆ.