ಚಿಕ್ಕ ಮಕ್ಕಳೊಂದಿಗೆ ವಾಟರ್ ಪಾರ್ಕ್ ಭೇಟಿ: ಪೋಷಕರಿಗೆ ಮಾಹಿತಿ

1. ಪೀಠಿಕೆ

ಬೇಸಿಗೆ ರಜೆ ಹಾಗೂ ದಸರಾ ರಜೆಯ ದಿನಗಳಲ್ಲಿ ರಾಜ್ಯದ ಅನೇಕ ಕುಟುಂಬಗಳು ಚಿಕ್ಕ ಮಕ್ಕಳೊಂದಿಗೆ ಒಂದು ದಿನದ ಮಟ್ಟಿಗೆ ವಾಟರ್ ಪಾರ್ಕ್‌ಗಳಿಗೆ ಹೋಗಿಬರುವುದು ವಾಡಿಕೆಯಾಗಿದೆ. ಬೆಂಗಳೂರು–ಮೈಸೂರು ರಸ್ತೆಯ ಬಿಡದಿ ಬಳಿ 2005ರಲ್ಲಿ ಆರಂಭವಾದ ವಂಡರ್‌ಲಾ, ಮೈಸೂರಿನ ಮೇಟಗಳ್ಳಿಯಲ್ಲಿರುವ ಜಿ.ಆರ್.ಎಸ್. ಫ್ಯಾಂಟಸಿ ಪಾರ್ಕ್ ಮೊದಲಾದವು ಇಂತಹ ತಾಣಗಳು. ಈ ಬಗೆಯ ತಾಣಗಳಲ್ಲಿ ಜೀವರಕ್ಷಕ ಸಿಬ್ಬಂದಿ ಇರುತ್ತಾರೆ; ಮಕ್ಕಳಿಗೆಂದೇ ಆಳವಿಲ್ಲದ ಕೊಳಗಳೂ ಇರುತ್ತವೆ. ಆದಾಗ್ಯೂ ಐದು ವರ್ಷದೊಳಗಿನ ಮಗುವಿನ ಸುರಕ್ಷತೆಯು ಅಂತಿಮವಾಗಿ ಕೈಗೆಟುಕುವಷ್ಟು ಹತ್ತಿರದಲ್ಲಿ ನಿಂತಿರುವ ಒಬ್ಬ ಹಿರಿಯರನ್ನೇ ಅವಲಂಬಿಸಿರುತ್ತದೆ. ಈ ಅಂಶವನ್ನು ಗಮನದಲ್ಲಿರಿಸಿಕೊಂಡು ಪೋಷಕರ ಉಪಯೋಗಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಎಚ್ಚರಿಕೆ ಏಕೆ ಅಗತ್ಯ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಪ್ರಪಂಚದಾದ್ಯಂತ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಮೃತಪಟ್ಟಿದ್ದಾರೆ. ಇವರಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ ಐದು ವರ್ಷದೊಳಗಿನ ಮಕ್ಕಳು. ವಿಶ್ವಸಂಸ್ಥೆಯು 2021ರಿಂದ ಪ್ರತಿ ವರ್ಷ ಜುಲೈ 25ನ್ನು ಮುಳುಗುವಿಕೆ ತಡೆ ದಿನವನ್ನಾಗಿ ಆಚರಿಸುತ್ತಿದೆ.

ಮುಳುಗುತ್ತಿರುವ ಮಗು ಕೂಗಿಕೊಳ್ಳುತ್ತದೆ, ಕೈ ಬೀಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ಉಸಿರಿಗಾಗಿ ಹೋರಾಡುವ ಮಗುವಿಗೆ ಕೂಗಲು ಸಾಧ್ಯವಾಗುವುದಿಲ್ಲ. ಬಾಯಿ ನೀರಿನ ಮಟ್ಟದಲ್ಲಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕೈಗಳು ಪಕ್ಕದ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ದೂರದಿಂದ ನೋಡುವವರಿಗೆ ಮಗು ಆಡುತ್ತಿರುವಂತೆಯೇ ಕಾಣುತ್ತದೆ. ಉಸಿರು ನಿಂತ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಸರಿಪಡಿಸಲಾಗದ ಹಾನಿಯಾಗಬಹುದು. ಕೆಲವು ಸೆಂಟಿಮೀಟರ್ ನೀರಿನಲ್ಲಿ ಮುಖವಡಿಯಾಗಿ ಬಿದ್ದ ಚಿಕ್ಕ ಮಗುವಿಗೂ ತಾನಾಗಿ ಏಳಲು ಆಗದಿರಬಹುದು. ಆದುದರಿಂದ ಕೊಳದ ಆಳ ಕಡಿಮೆ ಇದೆ ಎಂಬ ಕಾರಣಕ್ಕೆ ನಿಶ್ಚಿಂತರಾಗಿರುವಂತಿಲ್ಲ.

3. ಹೊರಡುವ ಮುನ್ನ

ಅ) ಮಗುವಿಗೆ ಭೇದಿ, ಜ್ವರ, ಕಿವಿ ಸೋರುವಿಕೆ ಅಥವಾ ತೆರೆದ ಗಾಯವಿದ್ದಲ್ಲಿ ಭೇಟಿಯನ್ನು ಮುಂದೂಡುವುದು. ಭೇದಿ ಉಂಟುಮಾಡುವ ಕೆಲವು ಸೂಕ್ಷ್ಮಾಣುಗಳು ಕ್ಲೋರಿನ್ ಬೆರೆಸಿದ ನೀರಿನಲ್ಲಿಯೂ ದಿನಗಟ್ಟಲೆ ಬದುಕುತ್ತವೆ. ಒಂದು ಮಗುವಿನ ಕಾಯಿಲೆ ಅದೇ ಕೊಳದ ಇತರ ಮಕ್ಕಳಿಗೂ ತಗಲಬಹುದು.

ಆ) ಮೂರ್ಛೆರೋಗ, ಹೃದ್ರೋಗ ಅಥವಾ ಆಸ್ತಮಾ ಇರುವ ಮಕ್ಕಳ ಬಗ್ಗೆ ಮುಂಚಿತವಾಗಿ ವೈದ್ಯರ ಸಲಹೆ ಪಡೆಯುವುದು ಹಾಗೂ ಔಷಧಿಯನ್ನು ಜೊತೆಯಲ್ಲಿಟ್ಟುಕೊಳ್ಳುವುದು.

ಇ) ಐದು ವರ್ಷದೊಳಗಿನ ಪ್ರತಿ ಮಗುವಿಗೆ ಒಬ್ಬ ಹಿರಿಯರಿರುವಂತೆ ತಂಡವನ್ನು ಯೋಜಿಸುವುದು. ಅಕ್ಕ ಅಥವಾ ಅಣ್ಣ ಶಾಲೆಗೆ ಹೋಗುವವರಾದರೂ ತಮ್ಮ ತಂಗಿಯರನ್ನು ನೀರಿನಲ್ಲಿ ಕಾಯುವ ಹೊಣೆಯನ್ನು ಅವರಿಗೆ ವಹಿಸಬಾರದು.

ಈ) ದ್ವಿಚಕ್ರ ವಾಹನದಲ್ಲಿ ತೆರಳುವವರು, 9 ತಿಂಗಳಿನಿಂದ 4 ವರ್ಷದವರೆಗಿನ ಮಗುವಿಗೆ ಹೆಲ್ಮೆಟ್ ಹಾಗೂ ಸವಾರರಿಗೆ ಜೋಡಿಸುವ ಸುರಕ್ಷತಾ ಪಟ್ಟಿ ಕಡ್ಡಾಯವೆಂಬುದನ್ನೂ, ವೇಗ ಗಂಟೆಗೆ 40 ಕಿ.ಮೀ. ಮೀರಬಾರದೆಂಬುದನ್ನೂ ಗಮನಿಸುವುದು. ಈ ನಿಯಮ 2023ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳನ್ನು ನಿಷೇಧಿಸಲಾಗಿದ್ದು, ಸರ್ವಿಸ್ ರಸ್ತೆಯನ್ನು ಬಳಸತಕ್ಕದ್ದು.

4. ಟಿಕೆಟ್ ಮತ್ತು ಪ್ರವೇಶ

ಮಕ್ಕಳ ಟಿಕೆಟ್ ದರವನ್ನು ಅನೇಕ ಕಡೆ ವಯಸ್ಸಿನ ಬದಲಿಗೆ ಎತ್ತರದ ಆಧಾರದಲ್ಲಿ ನಿಗದಿಪಡಿಸಲಾಗಿರುತ್ತದೆ ಮತ್ತು ಪ್ರವೇಶದ್ವಾರದಲ್ಲಿ ಅಳೆಯಲಾಗುತ್ತದೆ. ಮನೆಯಲ್ಲಿಯೇ ಮಗುವಿನ ಎತ್ತರವನ್ನು ಅಳೆದುಕೊಂಡು ಹೋದಲ್ಲಿ ಖರ್ಚಿನ ಅಂದಾಜು ಸರಿಯಾಗಿ ಸಿಗುತ್ತದೆ. ಜಾರುಬಂಡೆ ಹಾಗೂ ಆಟಗಳಿಗೂ ಎತ್ತರದ ಮಿತಿ ಇರುತ್ತದೆ. ಅದು ಮಗುವಿನ ದೇಹ ಆ ಆಟದ ವೇಗವನ್ನು ತಾಳಬಲ್ಲದೇ ಎಂಬುದನ್ನು ನೋಡಿ ಗೊತ್ತುಪಡಿಸಿದ್ದು. ಮಗು ಅತ್ತಿತೆಂದು ಸಿಬ್ಬಂದಿಯನ್ನು ಒತ್ತಾಯಿಸಿ ಮಿತಿ ಮೀರಬಾರದು.

ದರದ ಮೇಲೆ ಜಿ.ಎಸ್.ಟಿ. ಪ್ರತ್ಯೇಕವಾಗಿ ಸೇರುತ್ತದೆಯೇ, ಲಾಕರ್ ಹಾಗೂ ಉಡುಪಿನ ಬಾಡಿಗೆ ಎಷ್ಟು, ಮುಂಗಡ ಠೇವಣಿ ಯಾವಾಗ ಮರಳಿ ಸಿಗುತ್ತದೆ ಎಂಬುದನ್ನು ಹಣ ಪಾವತಿಸುವ ಮೊದಲೇ ಕೇಳಿ ತಿಳಿದುಕೊಳ್ಳುವುದು. ಎಲ್ಲ ರಸೀದಿಗಳನ್ನು ಮೊಬೈಲ್‌ನಲ್ಲಿ ಚಿತ್ರ ತೆಗೆದು ಇಟ್ಟುಕೊಳ್ಳುವುದು ಸೂಕ್ತ. ಕಾಗದದ ರಸೀದಿ ನೀರಿನಲ್ಲಿ ನೆನೆದು ಹಾಳಾಗುತ್ತದೆ.

5. ಉಡುಪು ಮತ್ತು ಆಭರಣ

ಅ) ಸೀರೆ, ದುಪಟ್ಟಾ, ಪಂಚೆ ಮುಂತಾದ ಸಡಿಲ ಬಟ್ಟೆಗಳು ಜಾರುಬಂಡೆಯಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಮೈಗೊಪ್ಪುವ ಈಜುಡುಗೆಯನ್ನು ಬಳಸುವುದು.

ಆ) ಮಕ್ಕಳ ಉಡಿದಾರ, ಕಾಲ್ಗೆಜ್ಜೆ, ಸರ ಹಾಗೂ ಓಲೆಗಳನ್ನು ಮನೆಯಲ್ಲಿಯೇ ತೆಗೆದಿಡುವುದು. ಉದ್ದ ಕೂದಲನ್ನು ಬಿಗಿಯಾಗಿ ಕಟ್ಟುವುದು. ನೀರು ಹೊರಹೋಗುವ ಜಾಲರಿಗಳ ಬಳಿ ಮಕ್ಕಳು ಕುಳಿತುಕೊಳ್ಳದಂತೆ ನೋಡಿಕೊಳ್ಳುವುದು. ಕೂದಲು ಮತ್ತು ದಾರ ಅಲ್ಲಿ ಸೆಳೆಯಲ್ಪಡಬಹುದು.

ಇ) ನೀಲಿ ಹಾಗೂ ಬಿಳಿ ಬಣ್ಣದ ಉಡುಪು ನೀರಿನಡಿ ಕಾಣಿಸುವುದಿಲ್ಲ. ಕಿತ್ತಳೆ ಅಥವಾ ಗಾಢ ಗುಲಾಬಿಯಂತಹ ಎದ್ದು ಕಾಣುವ ಬಣ್ಣವನ್ನು ಆರಿಸಿಕೊಳ್ಳುವುದು.

ಈ) ಸಾಧಾರಣ ಡೈಪರ್ ನೀರು ಹೀರಿ ಉಬ್ಬುತ್ತದೆ. ಈಜುವಾಗ ಬಳಸುವ ಡೈಪರ್ ಬೇರೆಯೇ ಇದೆ. ಅದೂ ಸಹ ಭೇದಿಯನ್ನು ತಡೆಹಿಡಿಯಲಾರದು. ಆಗಾಗ್ಗೆ ಪರಿಶೀಲಿಸಿ, ಕೊಳದಿಂದ ದೂರದಲ್ಲಿ ಬದಲಾಯಿಸುವುದು.

6. ನೀರಿನಲ್ಲಿರುವಾಗ

ಅವರು ನೋಡುತ್ತಿದ್ದಾರೆಂದು ಇವರು, ಇವರು ನೋಡುತ್ತಿದ್ದಾರೆಂದು ಅವರು ಭಾವಿಸಿರುವಾಗಲೇ ಯಾರೂ ಮಗುವನ್ನು ನೋಡದ ಗಳಿಗೆ ಬರುತ್ತದೆ. ಇದನ್ನು ತಪ್ಪಿಸಲು ಕುಟುಂಬದವರು ಕಾವಲಿನ ಸರದಿಯನ್ನು ಮಾಡಿಕೊಳ್ಳುವುದು. ಸರದಿಯಲ್ಲಿರುವವರು 15ರಿಂದ 20 ನಿಮಿಷಗಳ ಕಾಲ ಮೊಬೈಲ್, ಛಾಯಾಚಿತ್ರ, ಹರಟೆ ಯಾವುದನ್ನೂ ಇಟ್ಟುಕೊಳ್ಳದೆ ನೀರಿಗಿಳಿದು, ಕೈ ಚಾಚಿದರೆ ಮಗು ಸಿಗುವಷ್ಟು ಹತ್ತಿರದಲ್ಲಿರತಕ್ಕದ್ದು. ಸರದಿ ಮುಗಿದಾಗ ಮುಂದಿನವರಿಗೆ ಬಾಯಿಬಿಟ್ಟು ಹೇಳಿ, ಅವರು ಒಪ್ಪಿಕೊಂಡ ನಂತರವೇ ಅಲ್ಲಿಂದ ತೆರಳುವುದು.

ಅಲೆ ಕೊಳದಲ್ಲಿ ಅಲೆ ಏಳುವ ಮುನ್ನ ಗಂಟೆ ಅಥವಾ ಸೀಟಿಯ ಸೂಚನೆ ನೀಡುವುದು ರೂಢಿ. ಸೂಚನೆ ಕೇಳಿದೊಡನೆ ಚಿಕ್ಕ ಮಕ್ಕಳನ್ನು ದಡಕ್ಕೆ ಕರೆತರುವುದು. ನೊರೆಯಲ್ಲಿ ಬಿದ್ದ ಮಗು ಕಣ್ಣಿಗೆ ಬೀಳುವುದಿಲ್ಲ. ಗಾಳಿ ತುಂಬಿದ ಟ್ಯೂಬ್ ಹಾಗೂ ತೋಳುಪಟ್ಟಿಗಳು ಆಟದ ಸಾಮಾನುಗಳೇ ಹೊರತು ಜೀವರಕ್ಷಕ ಸಾಧನಗಳಲ್ಲ. ಅಗತ್ಯವೆನಿಸಿದಲ್ಲಿ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ಕೇಳಿ ಪಡೆಯುವುದು.

ಪ್ರತಿ ಗಂಟೆಗೊಮ್ಮೆ ಮಕ್ಕಳನ್ನು ನೆರಳಿಗೆ ಕರೆತಂದು ನೀರು ಕುಡಿಸಿ, ಶೌಚಾಲಯಕ್ಕೆ ಕರೆದೊಯ್ಯುವುದು. ತುಟಿ ನೀಲಿಗಟ್ಟಿದರೆ ಅಥವಾ ನಡುಕ ಬಂದರೆ ಕೂಡಲೇ ಮೈ ಒರೆಸಿ ಒಣ ಬಟ್ಟೆ ಹಾಕುವುದು. ಆರು ತಿಂಗಳೊಳಗಿನ ಶಿಶುಗಳನ್ನು ನೇರ ಬಿಸಿಲಿನಲ್ಲಿ ಇರಿಸಬಾರದು.

7. ಮಗು ಕಾಣದಾದಲ್ಲಿ

ಬೆಳಿಗ್ಗೆ ಒಳಗೆ ಹೋದ ಕೂಡಲೇ, ಧರಿಸಿರುವ ಉಡುಪು ಕಾಣುವಂತೆ ಮಗುವಿನ ಒಂದು ಚಿತ್ರ ತೆಗೆದಿಟ್ಟುಕೊಳ್ಳುವುದು. ಪೋಷಕರ ಮೊಬೈಲ್ ಸಂಖ್ಯೆಯನ್ನು ಮಗುವಿನ ತೋಳಿನ ಮೇಲೆ ನೀರಿಗೆ ಅಳಿಯದ ಶಾಯಿಯಿಂದ ಬರೆಯುವುದು. ಮಗು ಕಾಣದಿದ್ದಲ್ಲಿ ಮೊದಲು ನೀರಿನಲ್ಲಿ ಹುಡುಕುವುದು. ನಂತರ ಅಂಗಡಿ, ಶೌಚಾಲಯ, ಬಟ್ಟೆ ಬದಲಿಸುವ ಕೊಠಡಿ. ಜೊತೆಯಲ್ಲಿಯೇ ಒಬ್ಬರು ಜೀವರಕ್ಷಕ ಸಿಬ್ಬಂದಿಗೆ ತಿಳಿಸಿ ಧ್ವನಿವರ್ಧಕದಲ್ಲಿ ಪ್ರಕಟಿಸುವಂತೆ ಕೋರುವುದು. ಸಂಕೋಚದಿಂದ ತಡಮಾಡಬಾರದು.

8. ಅವಘಡ ಸಂಭವಿಸಿದಲ್ಲಿ

ಅ) ಕೂಗಿ ಸಿಬ್ಬಂದಿಯನ್ನು ಕರೆಯುವುದು, ಮಗುವನ್ನು ನೀರಿನಿಂದ ಹೊರತೆಗೆದು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸುವುದು. ಮತ್ತೊಬ್ಬರು 108 ಅಥವಾ 112ಕ್ಕೆ ಕರೆ ಮಾಡುವುದು.

ಆ) ಮಗುವನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಹೊರಹಾಕಲು ಯತ್ನಿಸುವುದು ಹಿಂದಿನಿಂದ ರೂಢಿಯಲ್ಲಿದೆ. ಇದರಿಂದ ಅಮೂಲ್ಯ ಸಮಯ ನಷ್ಟವಾಗುತ್ತದೆ; ವಾಂತಿಯಾಗಿ ಶ್ವಾಸನಾಳಕ್ಕೆ ಸೇರುವ ಅಪಾಯವೂ ಇದೆ. ಹೀಗೆ ಮಾಡಕೂಡದು.

ಇ) ಉಸಿರಾಟ ಇಲ್ಲದಿದ್ದಲ್ಲಿ, ತಲೆಯನ್ನು ತುಸು ಹಿಂದಕ್ಕೆ ಬಾಗಿಸಿ ಮೊದಲು ಬಾಯಿಯಿಂದ ಉಸಿರು ನೀಡುವುದು, ನಂತರ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತುವುದು. ಒಬ್ಬರೇ ಇದ್ದಾಗ ಪ್ರತಿ 30 ಒತ್ತುವಿಕೆಗೆ 2 ಉಸಿರು ನೀಡುತ್ತಾ ವೈದ್ಯಕೀಯ ನೆರವು ಬರುವವರೆಗೆ ಮುಂದುವರಿಸುವುದು. ತರಬೇತಿ ಪಡೆದ ಸಿಬ್ಬಂದಿ ಬಂದಲ್ಲಿ ಅವರಿಗೆ ಬಿಟ್ಟುಕೊಡುವುದು.

ಈ) ಮಗು ಚೇತರಿಸಿಕೊಂಡಂತೆ ಕಂಡರೂ ಅದೇ ದಿನ ವೈದ್ಯರಿಗೆ ತೋರಿಸುವುದು. ಬಿಡದ ಕೆಮ್ಮು, ವೇಗದ ಉಸಿರಾಟ, ಅಸಹಜ ಮಂಪರು ಕಂಡಲ್ಲಿ ತಕ್ಷಣ ಆಸ್ಪತ್ರೆಗೆ ಕರೆದೊಯ್ಯುವುದು.

9. ದೂರು ಸಲ್ಲಿಸುವ ವಿಧಾನ

ಸೇವೆಯಲ್ಲಿ ಲೋಪ ಕಂಡುಬಂದಲ್ಲಿ ಮೊದಲು ಸ್ಥಳದಲ್ಲಿಯೇ ವ್ಯವಸ್ಥಾಪಕರಿಗೆ ಲಿಖಿತ ದೂರು ನೀಡಿ, ಸ್ವೀಕೃತಿ ಪಡೆಯುವುದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅನ್ವಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಸಲ್ಲಿಸಲು ಅವಕಾಶವಿದೆ. ಪಾರ್ಕ್ ಇರುವ ಜಿಲ್ಲೆಗೇ ಹೋಗಬೇಕಾಗಿಲ್ಲ; ದೂರುದಾರರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲಿಯೂ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂ. ಮೀರದಿದ್ದಲ್ಲಿ ಶುಲ್ಕವಿಲ್ಲ, ವಕೀಲರನ್ನು ನೇಮಿಸಿಕೊಳ್ಳುವುದೂ ಕಡ್ಡಾಯವಲ್ಲ. 'ಸ್ವಂತ ಜವಾಬ್ದಾರಿಯ ಮೇಲೆ ಪ್ರವೇಶ' ಎಂಬ ಫಲಕ ಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆಯಿಂದ ಸಂಸ್ಥೆಯು ತಾನಾಗಿ ಮುಕ್ತವಾಗುವುದಿಲ್ಲ.

ದೂರಿನೊಂದಿಗೆ ಲಗತ್ತಿಸಬೇಕಾದವು: ಟಿಕೆಟ್ ಹಾಗೂ ಪಾವತಿಯ ರಸೀದಿ, ಲೋಪದ ಛಾಯಾಚಿತ್ರ, ವ್ಯವಸ್ಥಾಪಕರಿಗೆ ನೀಡಿದ ದೂರಿನ ಪ್ರತಿ, ಗಾಯವಾಗಿದ್ದಲ್ಲಿ ವೈದ್ಯಕೀಯ ದಾಖಲೆಗಳು.

10. ಮುಕ್ತಾಯ

ಟಿಕೆಟ್ ಹಣ ಪೂರ್ತಿ ವಸೂಲಾಗಬೇಕೆಂಬ ಆಸೆಯಿಂದ ಸಂಜೆಯವರೆಗೂ ಮಕ್ಕಳನ್ನು ನೀರಿನಲ್ಲಿಯೇ ಬಿಡುವುದು ಕಂಡುಬರುತ್ತದೆ. ದಿನದ ಕೊನೆಯಲ್ಲಿ ಮಕ್ಕಳು ದಣಿದಿರುತ್ತಾರೆ, ಹಿರಿಯರ ಗಮನವೂ ಸಡಿಲವಾಗಿರುತ್ತದೆ. ಒಂದು ಗಂಟೆ ಮುಂಚಿತವಾಗಿ ಹೊರಟಲ್ಲಿ ನಷ್ಟವೇನೂ ಇಲ್ಲ. ಹೋದಷ್ಟೂ ಜನ ನಗುತ್ತಾ ಮನೆಗೆ ಮರಳುವುದೇ ಆ ದಿನದ ನಿಜವಾದ ಲಾಭವೆಂಬುದನ್ನು ಪೋಷಕರು ಮರೆಯಬಾರದು.