ಪಂಜರದ ಬಾಗಿಲು ತೆರೆಯುವವರು

ಸೆರೆಯಾದ ಪ್ರಾಣಿಯ ಕಥೆಯನ್ನು ಮಕ್ಕಳಿಗೆ ಹೇಳುವುದು ಸುಲಭವಲ್ಲ. ನೋವನ್ನು ಮುಚ್ಚಿಟ್ಟರೆ ಕಥೆ ಸುಳ್ಳಾಗುತ್ತದೆ. ನೋವನ್ನಷ್ಟೇ ಹೇಳಿದರೆ ಮಗು ಪುಸ್ತಕ ಮುಚ್ಚಿಡುತ್ತದೆ. ಇಂಗ್ಲಿಷಿನಲ್ಲಿ ಸುಮಾರು ಒಂದೂವರೆ ಶತಮಾನದಿಂದ ಬೆಳೆದುಬಂದ ಇಂಥ ಕಥೆ, ಕಾದಂಬರಿಗಳನ್ನು ಸಾಲಾಗಿ ಓದಿದರೆ, ಭರವಸೆ ಎಲ್ಲಿಂದ ಬರಬೇಕು ಎಂಬುದಕ್ಕೆ ಲೇಖಕರು ಕೊಟ್ಟ ಉತ್ತರ ಬದಲಾಗುತ್ತ ಬಂದಿರುವುದು ಕಾಣುತ್ತದೆ.

ಮೊದಲ ಉತ್ತರ, ಒಳ್ಳೆಯ ಯಜಮಾನ. ಅನ್ನಾ ಸ್ಯೂವೆಲ್ ಅವರ ‘ಬ್ಲ್ಯಾಕ್ ಬ್ಯೂಟಿ’ (1877) ಕುದುರೆಯೇ ಹೇಳುವ ಆತ್ಮಕಥೆ. ಕತ್ತು ಸೆಟೆದು ನಿಲ್ಲಲೆಂದು ಗಾಡಿಕುದುರೆಗಳಿಗೆ ಶ್ರೀಮಂತರು ಬಿಗಿಸುತ್ತಿದ್ದ ಲಗಾಮಿನ ಹಿಂಸೆಯನ್ನು ಅದು ಓದುಗರ ಮೈಗೆ ತಾಗುವಂತೆ ಹೇಳಿತು; ಆ ಪದ್ಧತಿಯ ವಿರುದ್ಧದ ಕೂಗಿಗೆ ಬಲ ಕೊಟ್ಟಿತು. ಕೈಯಿಂದ ಕೈಗೆ ಮಾರಾಟವಾಗಿ ಸೊರಗಿದ ಕುದುರೆ ಕೊನೆಗೆ ದಯಾವಂತರ ಮನೆ ಸೇರುತ್ತದೆ. ಅದರ ಗೆಳತಿ ಜಿಂಜರ್‌ಗೆ ಆ ಭಾಗ್ಯವಿಲ್ಲ.

ರುಡ್ಯಾರ್ಡ್ ಕಿಪ್ಲಿಂಗ್ ಅವರ ‘ಜಂಗಲ್ ಬುಕ್’ (1894) ಸಂಕಲನದಲ್ಲಿರುವ ಟೂಮಾಯ್‌ನ ಕಥೆಯಲ್ಲಿ ಕಾಲಾ ನಾಗ್ ಎಂಬ ಆನೆ 47 ವರ್ಷ ಸರ್ಕಾರದ ಚಾಕರಿ ಮಾಡಿದೆ. ಆನೆ ಹಿಡಿಯುವುದು ಸರಿಯೇ ಎಂದು ಕಥೆ ಕೇಳುವುದಿಲ್ಲ. ಆದರೆ ಒಂದು ರಾತ್ರಿ ಕಟ್ಟು ಬಿಡಿಸಿಕೊಂಡು ಕಾಡಿಗೆ ಹೊರಟ ಆನೆ, ಮಾವುತನ ಮಗ ಟೂಮಾಯ್‌ನನ್ನೂ ಜೊತೆಗೆ ಹೊತ್ತೊಯ್ಯುತ್ತದೆ. ಸ್ನೇಹದ ಎಳೆ ಹೀಗೆ ಸೇರಿಕೊಂಡಿತು. ಈ ಕಥೆಯನ್ನಾಧರಿಸಿದ ‘ಎಲಿಫೆಂಟ್ ಬಾಯ್’ (1937) ಚಿತ್ರದ ಹೊರಾಂಗಣ ಚಿತ್ರೀಕರಣ ನಡೆದದ್ದು ಮೈಸೂರು ಸೀಮೆಯಲ್ಲಿ. ಟೂಮಾಯ್ ಆಗಿ ನಟಿಸಿದ ಸಾಬು, ಕಾರಾಪುರದ ಮಾವುತರ ಮನೆಯ ಹುಡುಗ.

20ನೇ ಶತಮಾನದ ಆರಂಭದಲ್ಲಿ ಲೇಖಕರ ಕಣ್ಣು ಸರ್ಕಸ್ಸಿನತ್ತ ಹೊರಳಿತು. ಜ್ಯಾಕ್ ಲಂಡನ್ ‘ಮೈಕೆಲ್, ಬ್ರದರ್ ಆಫ್ ಜೆರ್ರಿ’ (1917) ಕಾದಂಬರಿಯ ಮುನ್ನುಡಿಯಲ್ಲಿ, ಪ್ರಾಣಿಗಳ ಆಟ ಶುರುವಾದರೆ ಎದ್ದು ಹೊರನಡೆಯಿರಿ ಎಂದು ಪ್ರೇಕ್ಷಕರನ್ನು ಕೇಳಿಕೊಂಡರು. ಹ್ಯೂ ಲಾಫ್ಟಿಂಗ್ ಅವರ ‘ಡಾಕ್ಟರ್ ಡೂಲಿಟಲ್ಸ್ ಸರ್ಕಸ್’ (1924) ಪುಸ್ತಕದಲ್ಲಿ ಸೋಫಿ ಎಂಬ ಸೀಲ್‌ಗೆ ಹೆಂಗಸಿನ ವೇಷ ತೊಡಿಸಿ ಡಾಕ್ಟರು ಕಡಲಿಗೆ ಸಾಗಿಸುತ್ತಾರೆ. ದಯೆಯ ಜಾಗಕ್ಕೆ ಬಿಡುಗಡೆ ಬಂತು. ಬಿಡಿಸುವವನು ಇನ್ನೂ ಮನುಷ್ಯನೇ.

ಆ ಪಟ್ಟು ಸಡಿಲಿಸಿದ್ದು ರಾಬರ್ಟ್ ಸಿ. ಓಬ್ರಯನ್ ಅವರ ‘ಮಿಸೆಸ್ ಫ್ರಿಸ್ಬಿ ಅಂಡ್ ದಿ ರ‍್ಯಾಟ್ಸ್ ಆಫ್ ನಿಮ್’ (1971). ಪ್ರಯೋಗಾಲಯದ ಇಲಿಗಳು ಅಲ್ಲಿ ಕಲಿತ ಅಕ್ಷರಗಳಿಂದಲೇ ಪಂಜರದ ಬಾಗಿಲು ತೆರೆಯುವ ವಿಧಾನ ಓದಿಕೊಳ್ಳುತ್ತವೆ. ಹೊರದಾರಿಯ ಜಾಲರಿಯಲ್ಲಿ ಅವು ತೂರಲಾರವು. ತೂರಬಲ್ಲ ಪುಟ್ಟ ಇಲಿಗಳು ನೆರವಾಗುತ್ತವೆ. ಮುಂದೆ ಕೇಟ್ ಡಿಕಮಿಲೊ ‘ದಿ ಟೈಗರ್ ರೈಸಿಂಗ್’ನಲ್ಲಿ (2001) ಇನ್ನೂ ಕಠಿಣ ಮಾತೊಂದನ್ನು ಹೇಳಿದರು: ಮಕ್ಕಳಿಬ್ಬರು ಹುಲಿಯ ಬೋನು ತೆರೆಯುತ್ತಾರೆ, ಹೊರಬಂದ ಹುಲಿ ಗುಂಡಿಗೆ ಬಲಿಯಾಗುತ್ತದೆ. ಬಾಗಿಲು ತೆರೆದರಷ್ಟೇ ಸಾಲದು, ಹೋಗಲು ಒಂದು ಜಾಗ ಇರಬೇಕು.

ಈ ಪಾಠಗಳೆಲ್ಲ ಕೂಡಿಬಂದಿರುವುದು ಕ್ಯಾಥರಿನ್ ಆ್ಯಪಲ್‌ಗೇಟ್ ಅವರ ‘ದಿ ಒನ್ ಅಂಡ್ ಓನ್ಲಿ ಐವನ್’ನಲ್ಲಿ (2012). 2013ರ ನ್ಯೂಬೆರಿ ಪದಕ ಪಡೆದ ಈ ಕಾದಂಬರಿಗೆ ಮೂಲ ಒಂದು ನಿಜವಾದ ಗೊರಿಲ್ಲಾ. ಆಫ್ರಿಕಾದ ಕಾಡಿನಲ್ಲಿ ಮರಿಯಾಗಿದ್ದಾಗಲೇ ಸಿಕ್ಕಿಬಿದ್ದ ಐವನ್, ಅಮೆರಿಕದ ಟಕೋಮಾ ನಗರದ ಮಳಿಗೆಯೊಂದರ ಕಾಂಕ್ರೀಟ್ ಗೂಡಿನಲ್ಲಿ 27 ವರ್ಷ ತನ್ನ ಜಾತಿಯ ಮುಖ ಕಾಣದೆ ಬದುಕಿತು. ಜನರ ಪ್ರತಿಭಟನೆಯ ನಂತರ 1994ರಲ್ಲಿ ಅಟ್ಲಾಂಟಾ ಮೃಗಾಲಯಕ್ಕೆ ಹೋಗಿ, 2012ರಲ್ಲಿ ಅಲ್ಲೇ ತೀರಿಕೊಂಡಿತು.

ಕಾದಂಬರಿಯ ಐವನ್ ಪುಟ್ಟ ಪುಟ್ಟ ಅಧ್ಯಾಯಗಳಲ್ಲಿ, ಅಳೆದು ತೂಗಿದ ಮಾತುಗಳಲ್ಲಿ ತಾನೇ ಕಥೆ ಹೇಳುತ್ತದೆ. ಹಳೆಯದನ್ನು ನೆನೆಯದಿರುವುದರಿಂದಲೇ ಅದು ಸೆರೆಯನ್ನು ಸಹಿಸಿಕೊಂಡಿದೆ. ಸಾಯುವ ಮುನ್ನ ಮುದಿ ಆನೆ ಸ್ಟೆಲ್ಲಾ, ಮರಿಯಾನೆ ರೂಬಿಯನ್ನು ಕಾಪಾಡುವ ಮಾತನ್ನು ಐವನ್‌ನಿಂದ ಪಡೆಯುತ್ತದೆ. ತನಗಾಗಿ ಏನನ್ನೂ ಬಯಸದ ಐವನ್ ಇನ್ನೊಂದು ಜೀವಕ್ಕಾಗಿ ಎಚ್ಚರಗೊಳ್ಳುವುದು ಇಲ್ಲಿ; ಇಡೀ ಪರಂಪರೆಯಲ್ಲಿ ನನಗೆ ಅತ್ಯಂತ ದೊಡ್ಡದೆನಿಸುವ ತಿರುವು ಇದು. ಐವನ್ ಬಿಡಿಸುವ ಚಿತ್ರವನ್ನು ಅರ್ಥಮಾಡಿಕೊಳ್ಳುವವಳು ಕಸ ಗುಡಿಸುವವನ ಮಗಳು ಜೂಲಿಯಾ. ಪ್ರಾಣಿ ಕೇಳುತ್ತದೆ, ಮಗು ಕೇಳಿಸಿಕೊಳ್ಳುತ್ತದೆ, ಆಮೇಲೆ ಊರು ಏಳುತ್ತದೆ.

ಐವನ್ ಕಾಡಿಗೆ ಮರಳುವುದಿಲ್ಲ, ಹೋಗುವುದು ಮೃಗಾಲಯಕ್ಕೆ. ಇದನ್ನು ಬಿಡುಗಡೆ ಎನ್ನಬಹುದೇ ಎಂಬ ಆಕ್ಷೇಪದಲ್ಲಿ ಸತ್ಯವಿದೆ. ಆದರೂ ಬಾಲ್ಯದಲ್ಲೇ ಕಾಡು ಕಳೆದುಕೊಂಡ ಪ್ರಾಣಿಗೆ ಮಣ್ಣು, ಮರ, ತನ್ನವರ ಜೊತೆ ಸಿಗುವುದು ಸಣ್ಣದಲ್ಲ. ಆ ಮಿತಿಯನ್ನು ಮಕ್ಕಳಿಂದ ಮರೆಮಾಚದಿರುವುದೇ ಈ ಪುಸ್ತಕದ ಗಟ್ಟಿತನ.

ಇಂಥ ಸೆರೆ, ಬಿಡುಗಡೆಗಳು ನಮ್ಮಲ್ಲೂ ಇವೆ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳ ಪ್ರದರ್ಶನವನ್ನು ಭಾರತ 1998ರ ಅಧಿಸೂಚನೆಯಿಂದ ನಿಷೇಧಿಸಿತು. ಕುಣಿಸಲು ಸಾಕಿದ್ದ ಕರಡಿಗಳು ಮೂಗುದಾರ ಕಳಚಿಸಿಕೊಂಡು ಬನ್ನೇರುಘಟ್ಟದ ಆಶ್ರಯಧಾಮ ಸೇರಿದವು. ಕಾಡಾನೆಗಳನ್ನು ಹಿಡಿಯುವ ಕಾಕನಕೋಟೆಯ ಖೆಡ್ಡಾ 1971ಕ್ಕೇ ಕೊನೆಗೊಂಡಿತ್ತು. ಇವು ನಮ್ಮ ನೆಲದ ಕಥೆಗಳು. ಆ ಆನೆಯ, ಆ ಕರಡಿಯ ಕಡೆಯಿಂದ ಕನ್ನಡದ ಮಕ್ಕಳಿಗೆ ಇವನ್ನು ಹೇಳಬೇಕು. ಹೇಳುವಾಗ ಸುಖಾಂತಕ್ಕೆ ಅವಸರಪಡಬಾರದು. ಒಂದು ಜೀವ ಇನ್ನೊಂದಕ್ಕೆ ಕೊಟ್ಟ ಮಾತನ್ನು ಉಳಿಸಿಕೊಂಡರೆ, ಮಗುವಿಗೆ ಬೇಕಾದ ಭರವಸೆ ಅದರಲ್ಲೇ ಇದೆ.