ಇದ್ದಿಲ ಬಸ್ಸಿನಿಂದ ಇಳಿಜಾರಿನ ನ್ಯೂಟ್ರಲ್‌ವರೆಗೆ

ಹೊಸ ಬೈಕ್ ಕೊಂಡು ಮನೆ ಮುಂದೆ ನಿಲ್ಲಿಸಿದರೆ ನೆರೆಹೊರೆಯವರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಮೈಲೇಜ್ ಎಷ್ಟು ಕೊಡುತ್ತೆ?’ ಬಣ್ಣ, ವೇಗಗಳ ವಿಚಾರ ಬರುವುದು ಆಮೇಲೆ. ನಾವು ಮೈಲಿಯ ಲೆಕ್ಕ ಬಿಟ್ಟು ಕಿಲೋಮೀಟರಿಗೆ ಬಂದು ಅರ್ಧ ಶತಮಾನಕ್ಕೂ ಹೆಚ್ಚಾಯಿತು. ಆದರೂ ಆ ಮಾತು ಮಾತ್ರ ನಮ್ಮ ನಾಲಿಗೆಯಲ್ಲಿ ಹಾಗೆಯೇ ಉಳಿದಿದೆ.

ಅಷ್ಟೇ ಪೆಟ್ರೋಲಿನಲ್ಲಿ ಇನ್ನಷ್ಟು ದೂರ ಹೋಗಬೇಕೆಂಬ ಈ ಹಂಬಲಕ್ಕೆ ತನ್ನದೇ ಆದ ಇತಿಹಾಸವಿದೆ. ಯುದ್ಧ, ಅಭಾವ, ಬೆಲೆಯೇರಿಕೆ ಬಂದಾಗಲೆಲ್ಲ ಜನ ಎರಡು ದಾರಿ ಹಿಡಿದಿದ್ದಾರೆ. ಒಂದು, ಗಾಡಿಯನ್ನು ಬದಲಿಸುವುದು. ಇನ್ನೊಂದು, ಗಾಡಿ ಓಡಿಸುವ ರೀತಿಯನ್ನು ಬದಲಿಸುವುದು. ಎರಡರಲ್ಲೂ ನಿಜವಾದ ಉಳಿತಾಯವಿದೆ. ಆದರೆ ಗಾಡಿಗಳು ಬದಲಾದ ಮೇಲೂ ಬದಲಾಗದೆ ಉಳಿದ ಒಂದು ಹಳೆಯ ಅಭ್ಯಾಸವಿದೆ. ಇಂದು ಅದರಿಂದ ಉಳಿತಾಯವೂ ಇಲ್ಲ, ಜೀವಕ್ಕೂ ಅಪಾಯ.

ಇದ್ದಿಲು ತಿಂದು ಓಡಿದ ಬಸ್ಸು

ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಭಾರತದಲ್ಲಿ ಪೆಟ್ರೋಲಿಗೆ ಪಡಿತರ ಬಂತು. ಮರುವರ್ಷ ಜಪಾನೀ ಸೇನೆ ಬರ್ಮಾಕ್ಕೆ ನುಗ್ಗಿತು. ಹಿಮ್ಮೆಟ್ಟುತ್ತಿದ್ದ ಬ್ರಿಟಿಷರು ಶತ್ರುವಿಗೆ ಸಿಗಬಾರದೆಂದು 1942ರ ಏಪ್ರಿಲ್‌ನಲ್ಲಿ ಯೆನಂಗ್ಯಾಂಗ್‌ನ ಎಣ್ಣೆ ಬಾವಿಗಳನ್ನು ತಾವೇ ನಾಶಪಡಿಸಿದರು. ಭಾರತಕ್ಕೆ ಹತ್ತಿರದಲ್ಲಿದ್ದ ದೊಡ್ಡ ತೈಲಮೂಲವೇ ಕೈತಪ್ಪಿತು. ಸೈನ್ಯಕ್ಕೆ ಕೊಟ್ಟು ಉಳಿದ ಪೆಟ್ರೋಲಿನಲ್ಲಿ ಊರೂರಿನ ಬಸ್ಸುಗಳು ಓಡುವಂತಿರಲಿಲ್ಲ.

ಆಗ ಬಂದದ್ದೇ ಇದ್ದಿಲ ಬಸ್ಸು. ಮೈಸೂರು ಸೀಮೆಯಲ್ಲೂ ಕರಾವಳಿಯಲ್ಲೂ ಅದರಲ್ಲಿ ಪ್ರಯಾಣ ಮಾಡಿದ ಹಿರಿಯರ ನೆನಪುಗಳನ್ನು ಕೇಳಿದವರು ನಮ್ಮಲ್ಲಿ ಅನೇಕರಿದ್ದಾರೆ. ಬಸ್ಸಿನ ಹಿಂಭಾಗದಲ್ಲಿ ಡ್ರಮ್ಮಿನಂಥ ಉಕ್ಕಿನ ಒಲೆ. ಅದರ ತುಂಬ ಇದ್ದಿಲು. ಹೊರಡುವ ಮುನ್ನ ಕ್ಲೀನರ್ ಬೆಂಕಿ ಹೊತ್ತಿಸಿ, ಕೈಯಿಂದ ಗಾಳಿಯ ಚಕ್ರ ತಿರುಗಿಸುತ್ತಿದ್ದ. ಬೇಕಾದಷ್ಟು ಗಾಳಿ ಸಿಗದೆ ಉರಿಯುವ ಇದ್ದಿಲಿನಿಂದ ಇಂಗಾಲದ ಮಾನಾಕ್ಸೈಡ್ ಅನಿಲ ಹೊರಡುತ್ತದೆ. ಅದನ್ನು ತಣಿಸಿ, ಸೋಸಿ, ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಟ್ಟರೆ ಪೆಟ್ರೋಲಿನ ಕೆಲಸವನ್ನು ಅದೇ ಮಾಡುತ್ತದೆ. ಸುಮಾರು ಒಂದೂವರೆ ಕಿಲೋ ಇದ್ದಿಲು ಒಂದು ಲೀಟರ್ ಪೆಟ್ರೋಲಿಗೆ ಸಮ.

ಇದು ನಮ್ಮಲ್ಲೇ ಹುಟ್ಟಿದ ಉಪಾಯವಲ್ಲ. ಫ್ರಾನ್ಸಿನ ಜಾರ್ಜ್ ಇಂಬರ್ಟ್ 1920ರ ದಶಕದಲ್ಲಿ ಕಟ್ಟಿಗೆಯಿಂದ ಅನಿಲ ತೆಗೆದು ವಾಹನ ಓಡಿಸುವ ಒಲೆಯನ್ನು ರೂಪಿಸಿದ್ದರು. ಯುದ್ಧಕಾಲದ ಯುರೋಪಿನಲ್ಲಿ ಇಂಥ ವಾಹನಗಳು ಲಕ್ಷಗಟ್ಟಲೆ ಓಡಿದವು.

ಪೆಟ್ರೋಲು ಉಳಿಯಿತು, ನಿಜ. ಆದರೆ ಎಂಜಿನ್ನಿನ ಶಕ್ತಿ ಅರ್ಧದಷ್ಟು ಕುಗ್ಗುತ್ತಿತ್ತು. ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಒಲೆ ಹೊತ್ತಿ ಅನಿಲ ಸರಿಯಾಗಿ ಬರುವವರೆಗೆ ಕಾಯಬೇಕು. ಆ ಅನಿಲವೋ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ. ಯುದ್ಧ ಮುಗಿದು ಪೆಟ್ರೋಲು ಮತ್ತೆ ಸಿಗತೊಡಗಿದಂತೆ ಒಲೆಗಳು ಬಸ್ಸಿನಿಂದ ಇಳಿದವು.

ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ

ಎರಡನೆಯ ಪೆಟ್ಟು ಬಿದ್ದದ್ದು 1973ರಲ್ಲಿ. ಅರಬ್ ರಾಷ್ಟ್ರಗಳ ತೈಲ ನಿರ್ಬಂಧದಿಂದಾಗಿ ಕೆಲವೇ ತಿಂಗಳಲ್ಲಿ ಕಚ್ಚಾತೈಲದ ಬೆಲೆ ನಾಲ್ಕು ಪಟ್ಟಾಯಿತು. ಪೆಟ್ರೋಲು ದರ ಏರಿಕೆಯನ್ನು ಪ್ರತಿಭಟಿಸಿ ಅಟಲ್ ಬಿಹಾರಿ ವಾಜಪೇಯಿ ಆ ನವೆಂಬರ್‌ನಲ್ಲಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಅಮೆರಿಕದಲ್ಲಿ 1974ರಲ್ಲಿ ಹೆದ್ದಾರಿಗಳ ವೇಗವನ್ನು ಗಂಟೆಗೆ 55 ಮೈಲಿಗೆ, ಅಂದರೆ ಸುಮಾರು 88 ಕಿಲೋಮೀಟರಿಗೆ ಮಿತಿಗೊಳಿಸಲಾಯಿತು. ಆ ಕಾನೂನು ಪೂರ್ತಿ ರದ್ದಾದದ್ದು 1995ರಲ್ಲಿ.

ವೇಗಕ್ಕೂ ಇಂಧನಕ್ಕೂ ಏನು ಸಂಬಂಧ? ವಾಹನಕ್ಕೆ ಎದುರಾಗುವ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. 55 ಕಿಲೋಮೀಟರ್ ವೇಗದಲ್ಲಿರುವುದಕ್ಕಿಂತ 80ರಲ್ಲಿ ಆ ತಡೆ ಎರಡು ಪಟ್ಟಿಗೂ ಹೆಚ್ಚು. ನಮ್ಮಲ್ಲಿ 1978ರಲ್ಲಿ ಸ್ಥಾಪನೆಯಾದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ 45ರಿಂದ 55 ಕಿಲೋಮೀಟರ್ ವೇಗದಲ್ಲಿ ಓಡಿಸಿ ಎಂದು ಸಾರುತ್ತ ಬಂದಿರುವುದು ಇದಕ್ಕೇ. ಚಕ್ರದಲ್ಲಿ ಸರಿಯಾದ ಗಾಳಿ, ಸಿಗ್ನಲ್ಲಿನಲ್ಲಿ ಎಂಜಿನ್ ಬಂದ್, ಕ್ಲಚ್ಚಿನ ಮೇಲೆ ಸದಾ ಕಾಲಿಡದಿರುವುದು: ಇವೆಲ್ಲ ಅದೇ ಪಾಠದ ಮುಂದುವರಿಕೆ.

ಗಾಡಿಗಳಲ್ಲೂ ಬದಲಾವಣೆ ಬಂತು. ಮೈಸೂರಿನಲ್ಲೇ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳದ್ದು ಟೂ ಸ್ಟ್ರೋಕ್ ಎಂಜಿನ್. ಅದರಲ್ಲಿ ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊಗೆಕೊಳವೆಯ ಮೂಲಕ ಹೊರಗೆ ಹೋಗುತ್ತದೆ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100 ಫೋರ್ ಸ್ಟ್ರೋಕ್ ಬೈಕು. ಟ್ಯಾಂಕು ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬರ್ಥದ ಅದರ ಜಾಹೀರಾತು ಮಧ್ಯಮ ವರ್ಗದ ಮನಸ್ಸಿಗೆ ನೇರವಾಗಿ ನಾಟಿತು. ಯೆಜ್ಡಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು.

ಇದರ ಜೊತೆಗೇ ‘ಮೈಲೇಜ್ ಹೆಚ್ಚಿಸುವ’ ಸಾಧನಗಳ ವ್ಯಾಪಾರವೂ ಬೆಳೆಯಿತು. ಪೆಟ್ರೋಲು ಕೊಳವೆಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆ, ಹೀಗೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಸಾಧನಗಳನ್ನು ಪರೀಕ್ಷಿಸಿತು. ಪ್ರಯೋಜನ ಕಂಡದ್ದು ಬೆರಳೆಣಿಕೆಯವುಗಳಲ್ಲಿ, ಅದೂ ಅತ್ಯಲ್ಪ.

ಡಿಪೊದ ಲೆಕ್ಕ

ರಸ್ತೆ ಸಾರಿಗೆ ಡಿಪೊಗಳಲ್ಲಿ ದಿನವೂ ಕೇಳುವ ಮಾತು ‘ಕೆಎಂಪಿಎಲ್’. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಲೆಕ್ಕ ಅದು. 1948ರಲ್ಲಿ ಮೈಸೂರು ಸರ್ಕಾರದ ಸಾರಿಗೆ ಇಲಾಖೆಯಾಗಿ 120 ಬಸ್ಸುಗಳಿಂದ ಆರಂಭವಾದ ವ್ಯವಸ್ಥೆ ಇಂದು ಸಾವಿರಾರು ಬಸ್ಸುಗಳಿಗೆ ಬೆಳೆದಿದೆ. ಇಷ್ಟು ದೊಡ್ಡ ಸಂಸಾರದಲ್ಲಿ ಸಣ್ಣ ಅಂಕಿಯೂ ದೊಡ್ಡದೇ. ಒಂದು ಬಸ್ಸು ದಿನಕ್ಕೆ 300 ಕಿಲೋಮೀಟರ್ ಓಡುತ್ತದೆ ಎನ್ನಿ. ಲೀಟರಿಗೆ ನಾಲ್ಕೂವರೆ ಬಂದರೆ ಸುಮಾರು 67 ಲೀಟರ್ ಡೀಸೆಲ್ ಬೇಕು. ಐದು ಬಂದರೆ 60 ಸಾಕು. ವರ್ಷಕ್ಕೆ ಒಂದೇ ಬಸ್ಸಿನಲ್ಲಿ ಎರಡು ಸಾವಿರ ಲೀಟರಿಗೂ ಹೆಚ್ಚು ಉಳಿತಾಯ.

ಅದೇ ಬಸ್ಸು, ಅದೇ ದಾರಿ. ಆದರೂ ಚಾಲಕ ಬದಲಾದರೆ ಅಂಕಿ ಬದಲಾಗುತ್ತದೆ. ಮುಂದಿನ ನಿಲ್ದಾಣವನ್ನು ದೂರದಿಂದಲೇ ನೋಡಿ ಆಕ್ಸಿಲರೇಟರಿನಿಂದ ಕಾಲು ತೆಗೆಯುವವರ ಬಸ್ಸಿಗೆ ಕಡಿಮೆ ಡೀಸೆಲ್ ಸಾಕು. ಕೊನೆಯವರೆಗೂ ಒತ್ತಿ ಹಿಡಿದು ಬ್ರೇಕ್ ಹಾಕುವವರು ಆಗಷ್ಟೇ ಸುಟ್ಟ ಡೀಸೆಲನ್ನು ಬ್ರೇಕಿನಲ್ಲಿ ಬಿಸಿ ಮಾಡಿ ಕಳೆಯುತ್ತಾರೆ.

ಇಳಿಜಾರಿನ ಪಾಠ

ಇನ್ನು ಆ ಹಳೆಯ ಅಭ್ಯಾಸ. ಇಳಿಜಾರು ಬಂದೊಡನೆ ಗೇರನ್ನು ನ್ಯೂಟ್ರಲ್‌ಗೆ ತಳ್ಳುವುದು. ಕೆಲವರಂತೂ ಎಂಜಿನ್ನನ್ನೇ ಆರಿಸಿಬಿಡುತ್ತಾರೆ. 1939ರಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಶೆಲ್ ಕಂಪನಿಯ ಸಂಶೋಧಕರು ಯಾರ ಕಾರು ಗ್ಯಾಲನ್ನಿಗೆ ಹೆಚ್ಚು ದೂರ ಓಡುತ್ತದೆಂದು ಪಂದ್ಯ ಕಟ್ಟಿದ್ದರು. ಗೆದ್ದವರಿಗೆ ಸಿಕ್ಕಿದ್ದು 50 ಮೈಲಿಗೆ ತುಸು ಕಡಿಮೆ. ಅಂಥ ಸ್ಪರ್ಧೆಗಳಲ್ಲಿ ತುಸು ಹೊತ್ತು ಎಂಜಿನ್ ಓಡಿಸಿ, ಆಮೇಲೆ ಆರಿಸಿ ತೇಲಿಸುವುದು ಮುಖ್ಯ ಉಪಾಯವಾಯಿತು. ಅದು ಖಾಲಿ ಟ್ರ್ಯಾಕಿನ ಮಾತು.

ಕಾರ್ಬುರೇಟರ್ ಇದ್ದ ಕಾಲದಲ್ಲಿ ರಸ್ತೆಯಲ್ಲೂ ಇದಕ್ಕೆ ಅರ್ಥವಿತ್ತು. ಗೇರಿನಲ್ಲೇ ಇಳಿಯುವಾಗ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಎಂಜಿನ್ ಒಂದಿಷ್ಟು ಪೆಟ್ರೋಲನ್ನು ಹೀರುತ್ತಲೇ ಇರುತ್ತದೆ. ನ್ಯೂಟ್ರಲ್‌ನಲ್ಲಿ ಅದು ಕಡಿಮೆ.

ಈಗ ಕಥೆ ತಿರುಗಿದೆ. ಎಲೆಕ್ಟ್ರಾನಿಕ್ ಇಂಧನ ಇಂಜೆಕ್ಷನ್ ಇರುವ ಗಾಡಿ ಗೇರಿನಲ್ಲಿ ಇಳಿಯುತ್ತಿದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಕಂಪ್ಯೂಟರು ಇಂಧನವನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್‌ಗೆ ತಳ್ಳಿದರೋ, ಎಂಜಿನ್ ಆರದಂತೆ ನೋಡಿಕೊಳ್ಳಲು ಮತ್ತೆ ಇಂಧನ ಸುರಿಯಲೇಬೇಕು. 2020ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ನಿಯಮ ಬಂದ ಮೇಲೆ ಹೊಸ ಬೈಕು, ಸ್ಕೂಟರುಗಳಿಂದಲೂ ಕಾರ್ಬುರೇಟರು ಬಹುಮಟ್ಟಿಗೆ ಮರೆಯಾಗಿದೆ.

ಅಪಾಯ ಮಾತ್ರ ಅಂದಿನಂತೆಯೇ ಇದೆ. ಗೇರು ಬಿಡಿಸಿದೊಡನೆ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಕಾದ ಬ್ರೇಕು ಹಿಡಿಯುವುದಿಲ್ಲ. ಬಸ್ಸು, ಲಾರಿಗಳ ಏರ್ ಬ್ರೇಕಿಗೆ ಗಾಳಿ ತುಂಬುವುದು ಎಂಜಿನ್ನೇ. ಅದು ಆರಿದರೆ ಒತ್ತಿದಷ್ಟೂ ಗಾಳಿ ಖಾಲಿಯಾಗುತ್ತ ಹೋಗುತ್ತದೆ. ಸ್ಟೀರಿಂಗ್ ಬಿಗಿಯುತ್ತದೆ. ಶಿರಾಡಿ, ಚಾರ್ಮಾಡಿ, ಆಗುಂಬೆಯಂಥ ಘಾಟಿಗಳಲ್ಲಿ ಮುಂದಿನ ತಿರುವು ಇದಕ್ಕೆಲ್ಲ ಕಾಯುವುದಿಲ್ಲ.

ಘಾಟಿಯನ್ನು ಯಾವ ಗೇರಿನಲ್ಲಿ ಹತ್ತಬೇಕೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಹಳೆಯ ಚಾಲಕರ ಮಾತು. ಅವರು ಹೇಳಿದ್ದು ಜೀವದ ಸಲುವಾಗಿ. ಇಂದಿನ ಎಂಜಿನ್ನಿನಲ್ಲಿ ಅದು ಡೀಸೆಲಿಗೂ ಒಳ್ಳೆಯದು. ಇದ್ದಿಲ ಬಸ್ಸನ್ನು ಏರಿನಲ್ಲಿ ತಳ್ಳಿದವರು ಒಂದು ಲೀಟರ್ ಪೆಟ್ರೋಲಿಗಾಗಿ ಬೆವರು ಸುರಿಸಿದರು. ಇಳಿಜಾರಿನಲ್ಲಿ ಗೇರು ಬಿಡಿಸುವವರು ಪಣಕ್ಕಿಡುವುದು ಹಿಂದೆ ಕುಳಿತವರ ಜೀವವನ್ನು. ಅದಕ್ಕೆ ಬದಲಾಗಿ ಅವರಿಗೆ ಉಳಿಯುವುದು ಒಂದು ತೊಟ್ಟೂ ಅಲ್ಲ.